ನೂರಾ ಹದಿನೇಳನೇ ಪೆಟ್ಟಿಗೆ

ನನ್ನ ದೊಡ್ಡಮ್ಮನ ಬೆರಳುಗಳಲ್ಲಿ ಗೆರೆಗಳಿರಲಿಲ್ಲ.

ಕರಿಬಸಮ್ಮ ಮೂವತ್ತೊಂದು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಉಪ್ಪು ಸವರಿದ ಅಕ್ಕಿಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಹದ ನೋಡಬೇಕು, ಆಮೇಲೆ ಸುಡು ಮರಳಿನ ಬಾಣಲೆಗೆ ಸುರಿದು ಅರಳಿಸಬೇಕು. ಮೂರ್ನಾಲ್ಕು ವರ್ಷದಲ್ಲಿ ಬೆರಳ ತುದಿ ನುಣ್ಣಗಾಗುತ್ತದೆ. ಆಮೇಲೆ ಚರ್ಮ ದಪ್ಪಗಾಗಿ ಬಿಳಿಚಿಕೊಂಡು ಸಿಪ್ಪೆ ಸುಲಿದ ಹುರಿಗಡಲೆಯ ಹಾಗೆ ಕಾಣುತ್ತದೆ. ದಾವಣಗೆರೆಯ ಭಟ್ಟಿ ಬೀದಿಗಳಲ್ಲಿ ಇಂಥ ಕೈಗಳು ನೂರಾರು. ರೇಷನ್ನಿಗೆ ಕಣ್ಣು ತೋರಿಸಿದರೆ ನಡೆಯುತ್ತಿತ್ತು. ಹಾಗಾಗಿ ಎದೆಗಾವಲು ಬರುವವರೆಗೆ ಗೆರೆ ಇಲ್ಲ ಎಂಬುದು ಯಾರ ತಲೆಗೂ ಹತ್ತಿರಲಿಲ್ಲ.

ಎದೆಗಾವಲು ಎಂಬುದು ಯೋಜನೆಯ ಹೆಸರು. ಅದರ ಹಿಂದಿದ್ದ ಯೋಚನೆ ಸರಳ. ಆಸ್ಪಿರಿನ್ ಬಹಳ ಹಳೆಯ ಗುಳಿಗೆ. ಜಾಸ್ತಿ ಕೊಟ್ಟರೆ ನೋವು, ಜ್ವರ ಇಳಿಯುತ್ತದೆ. ಸ್ವಲ್ಪವೇ ಕೊಟ್ಟರೂ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ತಪ್ಪುತ್ತದೆ, ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಆದರೆ ಹೊಟ್ಟೆಯಲ್ಲಿ ಹುಣ್ಣಿದ್ದರೆ ಅದೇ ಗುಣದಿಂದ ರಕ್ತ ನಿಲ್ಲುವುದೂ ಇಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ, ಬೇಕಾದವರಿಗೆ ಎಷ್ಟು ಎಂಬುದನ್ನು ಹಿಂದಿನ ವೈದ್ಯರು ವಯಸ್ಸು, ಕಾಯಿಲೆ ಕೇಳಿ ಅಂದಾಜು ಮಾಡುತ್ತಿದ್ದರು. ದಿನಾ ಪ್ರತಿಯೊಬ್ಬರ ರಕ್ತ ನೋಡಿ ಅವತ್ತಿನ ಅಳತೆಯನ್ನು ಅವತ್ತೇ ಕೊಡುವ ಯಂತ್ರವಿದ್ದರೆ ಹೇಗೆ ಎಂದು ಯಾರೋ ಕೇಳಿದರು. ಯಂತ್ರ ಬಂತು.

ಜನ ಅದನ್ನು ಚುಚ್ಚುಪೆಟ್ಟಿಗೆ ಅನ್ನುತ್ತಾರೆ. ಬೆರಳಿಟ್ಟರೆ ಮೊದಲು ಗೆರೆ ಓದುತ್ತದೆ. ಅದೇ ಬೆರಳಿನಿಂದ ಕೂದಲಿನಂಥ ಸೂಜಿಯಲ್ಲಿ ಒಂದು ಹನಿ ಎಳೆದುಕೊಂಡು, ಪ್ಲೇಟ್‌ಲೆಟ್‌ಗಳು ಎಷ್ಟು ಬೇಗ ಅಂಟಿಕೊಳ್ಳುತ್ತವೆ ಎಂದು ಬೆಳಕು ಹಾಯಿಸಿ ಅಳೆಯುತ್ತದೆ. ಹೊಟ್ಟೆ ಉರಿಯಿದೆಯೇ, ಮಲ ಕಪ್ಪಾಗಿದೆಯೇ, ಮೈಮೇಲೆ ನೀಲಿ ಕಲೆ ಎದ್ದಿದೆಯೇ ಎಂದು ಮೂರು ಪ್ರಶ್ನೆ ಕೇಳುತ್ತದೆ. ಮೂರಕ್ಕೂ ಇಲ್ಲ ಎಂದರೆ ಅಲ್ಲೇ ಅಚ್ಚೊತ್ತಿ ಗುಳಿಗೆ ಉದುರಿಸುತ್ತದೆ. ರಕ್ತ ಅಂಟಾಗಿಲ್ಲದವರಿಗೆ ಗುಳಿಗೆ ಇಲ್ಲ, ಬರೀ ಹಾಜರಿ. ಉಳಿದವರಿಗೆ ಎಪ್ಪತ್ತೈದು ಮಿಲಿಗ್ರಾಂನಿಂದ ಶುರು. ವಾರವಾದರೂ ರಕ್ತ ದಾರಿಗೆ ಬರದಿದ್ದರೆ ಒಂದು ಮೆಟ್ಟಿಲು ಏರಿಸುತ್ತದೆ. ಮುನ್ನೂರ ಇಪ್ಪತ್ತೈದು ಕೊನೆಯ ಮೆಟ್ಟಿಲು. ನಲವತ್ತು ದಾಟಿದವರೆಲ್ಲ ಹೆಸರು ಬರೆಸಿ ದಿನಾ ಬೆರಳಿಡಬೇಕು, ಇಲ್ಲವಾದರೆ ಆರೋಗ್ಯ ಕಾರ್ಡು ಮುಚ್ಚುತ್ತದೆ. ಅಳತೆ ತಪ್ಪಬಾರದೆಂದು ಔಷಧಿ ಅಂಗಡಿಗಳಲ್ಲಿ ಆಸ್ಪಿರಿನ್ ಮಾರುವುದನ್ನೇ ನಿಲ್ಲಿಸಿದರು. ಬೇರೆ ನೋವಿನ ಗುಳಿಗೆಗಳು ಮಾತ್ರ ಹಿಂದಿನಂತೆ ಬೀಡಿ ಅಂಗಡಿಯಲ್ಲೂ ಸಿಗುತ್ತಿದ್ದವು.

ನಾನು ಆ ಯೋಜನೆಯ ಕಣ್ಗಾವಲು ಕೋಣೆಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಓದಿದ್ದು ಸಂಖ್ಯಾಶಾಸ್ತ್ರ, ಬೆಳೆದದ್ದು ಹಾಸ್ಟೆಲ್ಲಿನಲ್ಲಿ, ಈಗ ಇದ್ದದ್ದು ದೊಡ್ಡಮ್ಮನ ಮನೆಯಲ್ಲಿ. ಹೊಸದಾಗಿ ಕೊನೆಯ ಮೆಟ್ಟಿಲು ಮುಟ್ಟಿದವರ ಪಟ್ಟಿಯನ್ನು ಪ್ರತಿ ಸೋಮವಾರ ನೋಡುವುದು ನನ್ನ ಪಾಲಿನ ಕೆಲಸ.

ಆ ಸೋಮವಾರದ ಪಟ್ಟಿಯಲ್ಲಿ ನೂರಾ ಹದಿನೇಳನೇ ಪೆಟ್ಟಿಗೆಯಿಂದ ಹತ್ತು ಹೆಸರಿದ್ದವು. ಒಂದು ಪೆಟ್ಟಿಗೆಗೆ ಒಬ್ಬರೋ ಇಬ್ಬರೋ ಇರುವುದು ವಾಡಿಕೆ. ಹತ್ತು ಜನರ ರಕ್ತದ ರೇಖೆಗಳನ್ನು ತೆರೆಯ ಮೇಲೆ ಒಂದರ ಮೇಲೊಂದು ಇಟ್ಟೆ. ಒಂದೇ ಗೆರೆ ಕಂಡಿತು. ಯಂತ್ರ ಕೆಟ್ಟಿದೆಯೆಂದುಕೊಂಡು ಒಂದೊಂದನ್ನೇ ತೆಗೆದು ನೋಡಿದೆ. ಕೆಟ್ಟಿರಲಿಲ್ಲ. ಹತ್ತು ಹೆಂಗಸರ ರಕ್ತ ಐದು ತಿಂಗಳಿಂದ ಒಂದೇ ದಿನ ಏರಿ, ಒಂದೇ ದಿನ ಇಳಿದಿತ್ತು. ಹತ್ತೂ ಜನ ದಿನಾ ಬೆಳಿಗ್ಗೆ ಐದೂ ನಲವತ್ತರಿಂದ ಐದೂ ಐವತ್ತರೊಳಗೆ, ನಿಮಿಷಕ್ಕೊಬ್ಬರಂತೆ ಬೆರಳಿಟ್ಟಿದ್ದರು. ಮೂರು ಪ್ರಶ್ನೆಗೂ ಒಂದು ದಿನವೂ ಯಾರೂ ಹೌದು ಅಂದಿರಲಿಲ್ಲ.

"ಏನದು?" ಎನ್ನುತ್ತ ಡಾಕ್ಟರ್ ರೋಹಿಣಿ ಪ್ರಭು ಹಿಂದೆ ಬಂದು ನಿಂತರು. ಕೋಣೆಯ ಮುಖ್ಯಸ್ಥೆ.

"ಹತ್ತು ಜನ ಒಂದೇ ಥರ ಇದ್ದಾರೆ ಮೇಡಂ."

"ಒಂದೇ ಬೆರಳನ್ನ ಎರಡು ಹೆಸರಿಗೆ ಇಟ್ಟರೆ ಪೆಟ್ಟಿಗೆ ಆ ಕ್ಷಣವೇ ಹಿಡಿಯುತ್ತೆ. ಇಟ್ಟಿದ್ದಾರಾ?"

"ಇಲ್ಲ. ಹತ್ತು ಬೆರಳಿನ ಗೆರೆಯೂ ಬೇರೆ ಬೇರೆ."

"ಹಾಗಾದರೆ ಹತ್ತು ಜನ." ಅವರು ತೆರೆಯನ್ನು ಇನ್ನೊಮ್ಮೆ ನೋಡಿದರು. "ಆದರೂ ಹೀಗಿರಲ್ಲ. ಯಾರೋ ಗುಳಿಗೆ ಎತ್ತಿಕೊಂಡು ಹೋಗ್ತಿದ್ದಾರೆ ಅನ್ಸುತ್ತೆ. ನೋಡಿ ಹೇಳಿ."

ನಾನು ಹೆಸರುಗಳನ್ನು ಓದತೊಡಗಿದೆ. ಜೈತುನಬಿ, ತಿಪ್ಪಮ್ಮ, ಹನುಮಕ್ಕ. ಏಳನೆಯದು ಕರಿಬಸಮ್ಮ. ವಿಳಾಸ ನಾನು ಬೆಳಿಗ್ಗೆ ಬೀಗ ಹಾಕಿಕೊಂಡು ಬಂದ ಮನೆಯದು.

ಮೇಡಂ ತಿರುಗುವ ಮೊದಲು ತೆರೆ ಮುಚ್ಚಿದೆ.

ಸಂಜೆ ದೊಡ್ಡಮ್ಮ ಒಲೆಯ ಮುಂದೆ ಕೂತು ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ನಡುನಡುವೆ ಕೈ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು.

"ದೊಡ್ಡಮ್ಮ, ಚುಚ್ಚುಪೆಟ್ಟಿಗೆಗೆ ದಿನಾ ಹೋಗ್ತೀಯಾ?"

"ಹೋಗ್ದೆ? ಕಾರ್ಡ್ ಮುಚ್ಚಿದ್ರೆ ನೀನು ತೆಗಿಸ್ಕೊಡ್ತೀಯಾ?"

"ಕೈ ತೋರ್ಸು."

"ಯಾಕೆ, ಭವಿಷ್ಯ ಹೇಳ್ತೀಯಾ? ಗೆರೆನೇ ಇಲ್ವಲ್ಲೋ."

ಬಗ್ಗಿ ಹತ್ತೂ ಬೆರಳು ನೋಡಿದೆ. ಸೂಜಿಯ ಗುರುತು ಒಂದರಲ್ಲೂ ಇರಲಿಲ್ಲ. ದಿನಾ ಚುಚ್ಚಿಸಿಕೊಂಡವರ ಬೆರಳ ತುದಿಯಲ್ಲಿ ಕೆಂಪು ಚುಕ್ಕೆಗಳ ಗುಂಪೇ ಇರುತ್ತದೆ. ಉಗುರಿನ ಬುಡ ಕಾಗದದ ಹಾಗೆ ಬೆಳ್ಳಗಿತ್ತು. ಅದನ್ನೂ ನೋಡಿದೆ. ನಾನು ಹುಡುಕುತ್ತಿದ್ದದ್ದು ಬೇರೆ, ಹಾಗಾಗಿ ಅದು ಲೆಕ್ಕಕ್ಕೆ ಬರಲಿಲ್ಲ.

"ನೀನು ಬೆರಳೇ ಇಟ್ಟಿಲ್ಲ."

"ಬಂದ್ಬಿಟ್ಟ ಸರ್ಕಾರ." ಈರುಳ್ಳಿಯನ್ನು ಬಾಣಲೆಗೆ ಹಾಕಿದಳು. "ಗುಳಿಗೆ ಬರ್ತೈತೆ, ನುಂಗ್ತೀನಿ. ಮೊದ್ಲು ಸಣ್ಣದು ಬರ್ತಿತ್ತು, ಈಗ ದೊಡ್ಡದು ಕೊಡ್ತೈತೆ. ಭುಜದ ನೋವು ಅರ್ಧ ಇಳಿದೈತೆ ನೋಡು. ಭಟ್ಟಿ ಸಾಹುಕಾರಂಗೆ ಕಾಣದೇ ಇದ್ದ ನೋವು ಆ ಮಿಷನ್ನಿಗೆ ಕಂಡೈತೆ."

"ಮತ್ತೆ ಬೆರಳು ಯಾರು ಇಡ್ತಾರೆ?"

"ತಿನ್ನು, ಆರಿಹೋಗ್ತೈತೆ."

ಅವಳು ಸುಳ್ಳು ಹೇಳುವವಳಲ್ಲ. ಮಾತು ನಿಲ್ಲಿಸುವವಳು. ಯಾರನ್ನೋ ಕಾಪಾಡುತ್ತಿದ್ದಾಳೆ ಎಂದು ನನಗೆ ಆಗಲೇ ಅನುಮಾನ ಬಂತು.

ಮರುದಿನ ಬೆಳಿಗ್ಗೆ ಐದೂವರೆಗೆ ಭಟ್ಟಿ ಬೀದಿಗೆ ಹೋದೆ. ಬಾಣಲೆಗಳು ಆಗಲೇ ಹೊಗೆಯಾಡುತ್ತಿದ್ದವು. ಅಂಗನವಾಡಿಯ ಗೋಡೆಗೆ ಬಡಿದ ಪೆಟ್ಟಿಗೆಯ ಮುಂದೆ ಒಬ್ಬ ಹೆಂಗಸು ಮಣೆಯ ಮೇಲೆ ಕೂತಿದ್ದಳು. ಬಲಗಾಲು ಚಿಕ್ಕಂದಿನಿಂದಲೇ ಸಣ್ಣದು, ಹಾಗಾಗಿ ಅವಳಿಗೆ ಬಾಣಲೆಯ ಕೆಲಸವಿಲ್ಲ. ದಬ್ಬಣ ಹಿಡಿದು ಮಂಡಕ್ಕಿ ಚೀಲದ ಬಾಯಿ ಹೊಲಿಯುವ ಕೆಲಸ. ಜೈತುನಬಿ. ಅವಳು ಕೆಂಪು ಬಣ್ಣದ ನೋವಿನ ಗುಳಿಗೆಯೊಂದನ್ನು ಚಹಾದ ಜೊತೆ ನುಂಗಿ, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮೃದುವಾದ ಬೆರಳುಗಳು. ಒಂದೊಂದನ್ನೇ ಸೆರಗಿನಲ್ಲಿ ಒರೆಸಿದಳು.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಹೆಂಗಸರು ಸುತ್ತ ನಿಂತಿದ್ದರು. ದೊಡ್ಡಮ್ಮ ಬಾಣಲೆ ಬಿಟ್ಟು ಬಂದಿರಲಿಲ್ಲ.

"ಮೊದ್ಲು ನಂದು ಇಡು ಜೈತುನಕ್ಕ, ಬಾಣಲೆ ಸುಡ್ತೈತೆ," ಎಂದಳು ಒಬ್ಬಳು.

"ನಿಂದು ಕಿರುಬೆರಳು ತಿಪ್ಪಮ್ಮ, ಕೊನೆಗೇ ಬರಾದು. ನಿನ್ನಂಗೇ ಸಣ್ಣದು, ನಿನ್ನಂಗೇ ಮುಂದೆ ಮುಂದೆ ಬರ್ತೈತೆ."

ಹೆಂಗಸರು ನಕ್ಕರು. ಪೆಟ್ಟಿಗೆ ಮಲ ಕಪ್ಪಾಗಿದೆಯೇ ಎಂದು ಕೇಳಿತು. ಜೈತುನಬಿ ನಗುತ್ತಲೇ ಇಲ್ಲ ಎಂಬ ಗುಂಡಿ ಒತ್ತಿದಳು. ಗುಳಿಗೆ ಬಿತ್ತು. ಬೆರಳು ಬದಲಿಸಿದಳು. ಹತ್ತು ಬೆರಳು, ಹತ್ತು ಹೆಸರು, ಹತ್ತು ಗುಳಿಗೆ.

ಒಂದು ಬೆರಳು ಎರಡು ಹೆಸರಿಗೆ ಬಂದಿದೆಯೇ ಎಂದು ನಾವು ಹುಡುಕುತ್ತಿದ್ದೆವು. ಒಬ್ಬ ಮನುಷ್ಯನಿಗೆ ಹತ್ತು ಬೆರಳಿವೆ ಎಂಬುದು ಯಂತ್ರ ಮಾಡಿದವರ ನೆನಪಿಗೆ ಬಂದಿರಲಿಲ್ಲ.

ನಾನು ಮುಂದೆ ಹೋದ ಕೂಡಲೇ ನಗು ನಿಂತಿತು.

"ಕರಿಬಸಮ್ಮನ ಮಗ," ಎಂದು ತಿಪ್ಪಮ್ಮ ಮೆಲ್ಲಗೆ ಹೇಳಿದಳು. "ಆ ಆಫೀಸಿನೋನು."

ಜೈತುನಬಿ ಹೆದರಲಿಲ್ಲ. "ಬಾ ಹಾಲೇಶಪ್ಪ. ನಿಮ್ಮವರೇ ಮಾಡಿಸಿದ್ದು ಬೇಟಾ ಇದು. ಹೆಸರು ಬರ್ಕೊಳ್ಳೋಕೆ ಬಂದಾಗ ಇವರ ಕೈ ತಗೋಳ್ಲೇ ಇಲ್ಲ. ಅವರಿಗೆ ಸಂಜೆಯೊಳಗೆ ಇಷ್ಟು ಜನ ಆಗ್ಲೇಬೇಕಿತ್ತಂತೆ. ಯಾರ್ದಾದ್ರೂ ಒಂದು ಬೆರಳು ಕೊಡ್ರಮ್ಮ ಅಂದ್ರು. ನಂದು ಚೆನ್ನಾಗಿದ್ವು, ಕೊಟ್ಟೆ. ನಂದು ಅಂತ ಇರಾದು ಈ ಎಡಗೈ ಹೆಬ್ಬೆರಳು ಒಂದೇ. ಉಳಿದ ಒಂಬತ್ತೂ ಬಾಡಿಗೆಗೆ ಹೋಗ್ಯಾವೆ."

"ಬಾಡಿಗೆ ಎಷ್ಟು?"

"ನನ್ನ ಮನೆಗೆ ರೊಟ್ಟಿ ಇವರೇ ಸುಟ್ಟು ಕೊಡ್ತಾರೆ. ನಾನು ಹೆಂಚು ಮುಟ್ಟಂಗಿಲ್ಲ, ಬೆರಳು ಸುಟ್ರೆ ಒಂಬತ್ತು ಮನೆ ಕಾರ್ಡು ಹೋಗ್ತಾವೆ."

ಅವಳು ಗುಳಿಗೆ ಹಂಚಿದಳು. ಹೆಂಗಸರು ಸೆರಗಿನ ತುದಿಗೆ ಕಟ್ಟಿಕೊಂಡು ಬಾಣಲೆಯ ಕಡೆ ಓಡಿದರು. ಒಬ್ಬಳೂ ನನ್ನ ಕಣ್ಣೆದುರು ನುಂಗಲಿಲ್ಲ. ಸಂಜೆ ಇವೆಲ್ಲ ಮತ್ತೆ ಜೈತುನಬಿಯ ಕೈ ಸೇರುತ್ತವೆ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತವೆ ಎಂದು ನಾನು ಎಣಿಸಿದೆ. ರೊಟ್ಟಿಗೋಸ್ಕರ ದಿನಾ ಹತ್ತು ಸಲ ಚುಚ್ಚಿಸಿಕೊಳ್ಳುವವರು ಯಾರಿದ್ದಾರೆ?

ರಾತ್ರಿ ಊಟದ ಹೊತ್ತಿಗೆ ದೊಡ್ಡಮ್ಮನಿಗೆ ಎಲ್ಲ ಗೊತ್ತಾಗಿತ್ತು. "ಅವಳ ತಂಟೆಗೆ ಹೋಗ್ಬ್ಯಾಡ," ಎಂದಳು. "ಅವಳಿಗೆ ಹೋದ ವರ್ಷ ಎದೆ ನಾಳದೊಳಗೆ ಸ್ಪ್ರಿಂಗ್ ಹಾಕ್ಯಾರೆ. ನಮಗೆ ಗುಳಿಗೆ ಬೇಕೋ ಬ್ಯಾಡವೋ, ಅವಳಿಗೆ ಬೇಕೇ ಬೇಕು."

ಮರುದಿನ ಕಚೇರಿಯಲ್ಲಿ, ಹೆಸರು ಬರೆದುಕೊಂಡಾಗಿನ ದಾಖಲೆ ತೆಗೆದು ನೋಡಿದೆ. ಜೈತುನಬಿ, ಐವತ್ತಾರು ವರ್ಷ. ಹೃದಯದ ಕಾಯಿಲೆ: ಇಲ್ಲ. ಹತ್ತೂ ಹೆಸರಿನ ಮುಂದೆ ಅದೇ ಉತ್ತರವಿತ್ತು. ಸಂಜೆಯೊಳಗೆ ಇಷ್ಟು ಜನ ಆಗಬೇಕಿದ್ದವರು ಎಲ್ಲ ಕಲಂಗೂ ಇಲ್ಲ ಎಂದು ಒತ್ತಿ ಹೋಗಿರಬಹುದು ಎಂಬುದು ಹೊಳೆಯಬೇಕಿತ್ತು. ಹೊಳೆದದ್ದು ಬೇರೆ. ಸ್ಪ್ರಿಂಗಿನ ಕಥೆ ಹೇಳಿ ಇವರನ್ನೆಲ್ಲ ಮರುಳು ಮಾಡಿದ್ದಾಳೆ ಎಂದುಕೊಂಡೆ.

ವರದಿ ಬರೆಯಲಿಲ್ಲ. ಬರೆದರೆ ದೊಡ್ಡಮ್ಮನ ಕಾರ್ಡು ಹೋಗುತ್ತದೆ, ಆ ವಿಳಾಸದಲ್ಲಿ ನಾನಿದ್ದೇನೆ ಎಂಬುದೂ ಹೊರಗೆ ಬರುತ್ತದೆ. ಜೈತುನಬಿ ಗುಳಿಗೆ ಮಾರುವುದನ್ನು ಹಿಡಿದುಕೊಂಡರೆ ದೊಡ್ಡಮ್ಮನನ್ನು ಪಕ್ಕಕ್ಕಿಡಬಹುದು ಎಂಬ ಲೆಕ್ಕದಲ್ಲಿ ಕಾದೆ. ಎರಡು ಸಂಜೆ ಅವಳ ಮನೆಯ ಎದುರಿನ ಚಹಾದಂಗಡಿಯಲ್ಲಿ ಕೂತೆ. ಯಾರೂ ಬರಲಿಲ್ಲ. ಜಾಣೆ, ನನ್ನನ್ನು ನೋಡಿದ್ದಾಳೆ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ದೊಡ್ಡಮ್ಮ ಬಾಣಲೆಯ ಪಕ್ಕ ಬಿದ್ದಳು. ತಿಪ್ಪಮ್ಮ ಎಳೆಯದೇ ಹೋಗಿದ್ದರೆ ಕೈ ಮರಳಿಗೆ ಬೀಳುತ್ತಿತ್ತು.

ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ.

"ಅಮ್ಮಾ, ಮೋಷನ್ ಕಪ್ಪಗೆ ಆಗ್ತಿದೆಯಾ?"

"ಹದಿನೈದು ದಿನದಿಂದ ಹಂಗೇ," ಎಂದಳು ದೊಡ್ಡಮ್ಮ. ದನಿ ಬಹಳ ಸಣ್ಣಗಿತ್ತು.

"ಯಾರಿಗೂ ಹೇಳಲಿಲ್ವಾ?"

"ಭಟ್ಟಿಯೋರು ಮಸಿ ನುಂಗ್ತೀವಲ್ರಿ. ಉಗುಳಿದ್ರೆ ಕಪ್ಪು, ಸೀತರೆ ಕಪ್ಪು. ಅದೂ ಕಪ್ಪಾದ್ರೆ ಏನು ಅಂತ ಅಂದ್ಕಂಡೆ."

ಡಾಕ್ಟರ್ ನನ್ನ ಕಡೆ ತಿರುಗಿದ. "ಹೊಟ್ಟೆಯೊಳಗೆ ರಕ್ತ ಸೋರಿ, ಕರಗಿ, ಹೀಗೆ ಬರ್ತಿದೆ. ಹಿಮೋಗ್ಲೋಬಿನ್ ನಾಲ್ಕೂವರೆ ಇದೆ, ಹನ್ನೆರಡು ಇರಬೇಕು. ಆಸ್ಪಿರಿನ್ ಎಷ್ಟು ಬರ್ತಿದೆ ಇವರಿಗೆ?"

"ಮುನ್ನೂರ ಇಪ್ಪತ್ತೈದು."

"ನುಂಗ್ತಿದ್ದರಾ?"

"ದಿನಾ," ಎಂದಳು ದೊಡ್ಡಮ್ಮ. "ನೋವಿಗೆ ಒಳ್ಳೇದು."

ನುಂಗುತ್ತಿದ್ದರು. ಮಾರುತ್ತಿರಲಿಲ್ಲ. ಜೈತುನಬಿ ಹೇಳಿದ್ದೆಲ್ಲ ಇದ್ದದ್ದು ಇದ್ದ ಹಾಗೆ. ಡಾಕ್ಟರಿಗೆ ಬೆರಳುಗಳ ಕಥೆ ಹೇಳಿದೆ. ಅವನು ಬರೆಯುವುದನ್ನು ನಿಲ್ಲಿಸಿದ.

"ಆ ಹೆಂಗಸು ಬೇರೆ ಯಾವ ಗುಳಿಗೆ ತಗೋತಾಳೆ?"

"ಬೆಳಿಗ್ಗೆ ಕೆಂಪು ಬಣ್ಣದ್ದೊಂದು ನುಂಗಿದ್ದನ್ನ ನೋಡಿದೆ. ಕಾಲುನೋವಿಗೆ."

"ಐಬುಪ್ರೊಫೆನ್ ಇರಬೇಕು. ಅದನ್ನ ಮೊದಲು ನುಂಗಿದ್ರೆ ಪ್ಲೇಟ್‌ಲೆಟ್ ಮೇಲೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತಿರುತ್ತೆ. ಆಸ್ಪಿರಿನ್ ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್. ಅವಳ ರಕ್ತ ಅಂಟಾಗೇ ಇರುತ್ತೆ. ಪೆಟ್ಟಿಗೆ ಏನು ಅಂದ್ಕೊಳ್ಳುತ್ತೆ? ಸಾಲಲಿಲ್ಲ, ಇನ್ನಷ್ಟು ಕೊಡು ಅನ್ನುತ್ತೆ. ಅವಳೊಬ್ಬಳ ರಕ್ತ ನೋಡಿ ಹತ್ತು ಜನಕ್ಕೆ ಕೊಟ್ಟಿದೆ. ಉಳಿದ ಒಂಬತ್ತರಲ್ಲಿ ಒಬ್ಬರಿಗೂ ಅದು ಬೇಕಾಗಿತ್ತೋ ಇಲ್ಲವೋ." ಅವನು ಪೆನ್ನು ಎತ್ತಿಕೊಂಡ. "ನಾಲ್ಕು ಬಾಟಲಿ ರಕ್ತ ಬೇಕು. ಇನ್ನೂ ಎಂಟು ಹೆಂಗಸರು ಹೀಗೇ ಇದ್ದಾರಲ್ಲ, ಅವರದ್ದನ್ನ ಇವತ್ತೇ ನಿಲ್ಲಿಸಿ."

ನನ್ನದು ಒಂದು ಬಾಟಲಿ ಕೊಟ್ಟೆ. ಮನೆಗೆ ಹೋಗಿ ದೊಡ್ಡಮ್ಮನ ಬಟ್ಟೆ ತೆಗೆಯುವಾಗ ಅಲಮಾರಿಯಲ್ಲಿ ಅಡಿಕೆ ಡಬ್ಬಿ ಸಿಕ್ಕಿತು. ಒಳಗೆ ನಾಲ್ಕು ದೊಡ್ಡ ಗುಳಿಗೆ, ನೋವು ಜಾಸ್ತಿಯಾದ ದಿನಕ್ಕೆಂದು ಎತ್ತಿಟ್ಟದ್ದು. ಮೋರಿಗೆ ಎಸೆದು ಕಚೇರಿಗೆ ಹೋದೆ.

ರೋಹಿಣಿ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಏಳನೇ ಹೆಸರಿನ ವಿಳಾಸದ ಮೇಲೆ ಬೆರಳಿಟ್ಟರು.

"ಇದು ನಿಮ್ಮ ಮನೆ."

"ಹೌದು ಮೇಡಂ."

"ಸೋಮವಾರವೇ ಗೊತ್ತಿತ್ತು. ಇವತ್ತು ಶುಕ್ರವಾರ."

ರಕ್ತ ಕೊಟ್ಟ ತೋಳಿನ ಮೇಲಿದ್ದ ಹತ್ತಿಯನ್ನು ಒತ್ತಿಕೊಂಡೆ.

"ನಿಮ್ಮನ್ನ ನಂಬೋದು ಹೇಗೆ ಹಾಲೇಶ್? ನೀವೂ ಇದರಲ್ಲಿದ್ದೀರಿ ಅಂತ ಯಾರಾದರೂ ಅಂದರೆ ನಾನು ಏನು ಹೇಳಲಿ?"

"ಮೊದಲು ಗುಳಿಗೆ ನಿಲ್ಲಿಸಿ ಮೇಡಂ. ಆಮೇಲೆ ನನ್ನ ವಿಚಾರ."

ಅವರು ಮುಚ್ಚುವ ನಮೂನೆ ತೆರೆದರು. ಹತ್ತು ಹೆಸರು, ಪ್ರತಿಯೊಂದರ ಮುಂದೆ ಒಂದು ಚೌಕ. ಒಂಬತ್ತಕ್ಕೆ ಗುರುತು ಹಾಕಿ, ಜೈತುನಬಿಯ ಹೆಸರಿನ ಮುಂದೆ ಕೈ ನಿಲ್ಲಿಸಿದರು.

"ಇವಳದ್ದು?"

"ಎಡಗೈ ಹೆಬ್ಬೆರಳು ಅವಳದ್ದೇ ಅಂತೆ."

"ಯಾರು ಹೇಳಿದ್ದು?"

"ಅವಳೇ."

"ಹತ್ತು ಹೆಸರಲ್ಲಿ ಬೆರಳಿಟ್ಟವಳ ಮಾತು. ದಿನಾ ಹತ್ತು ಸಲ ಮಲ ಕಪ್ಪಾಗಿಲ್ಲ ಅಂತ ಒತ್ತಿದವಳ ಮಾತು." ಅವರು ನನ್ನನ್ನೇ ನೋಡಿದರು. "ಇವಳಿಗೆ ಗುಳಿಗೆ ನಿಲ್ಲಿಸಬಾರದು ಅನ್ನೋಕೆ ಬೇರೆ ಕಾರಣ ಏನಾದರೂ ಇದೆಯಾ? ಇದ್ದರೆ ಕೆಳಗಿನ ಕಲಂನಲ್ಲಿ ಬರೀರಿ. ಬರೆದರೆ ನಾನು ಮುಚ್ಚಲ್ಲ, ವೈದ್ಯರಿಗೆ ಕಳಿಸ್ತೀನಿ."

ಸ್ಪ್ರಿಂಗ್ ನೆನಪಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ನೆನಪಾಯಿತು. ಜೊತೆಗೆ ದೊಡ್ಡಮ್ಮನ ಬೆಳ್ಳಗಿನ ಉಗುರೂ ನೆನಪಾಯಿತು, ಇಲ್ಲ, ಇಲ್ಲ, ಇಲ್ಲ ಎಂದು ನಗುತ್ತ ಗುಂಡಿ ಒತ್ತಿದ ಕೈಯೂ ನೆನಪಾಯಿತು. ದಾಖಲೆಯಲ್ಲಿ ಇಲ್ಲ ಎಂದಿತ್ತು. ನಾಲ್ಕು ದಿನ ಮುಚ್ಚಿಟ್ಟವನು ಈಗ ಅವಳ ಪರವಾಗಿ ಬರೆದರೆ ಮೇಡಂ ಏನೆಂದುಕೊಳ್ಳುತ್ತಾರೆ ಎಂಬುದೂ ತಲೆಯಲ್ಲಿತ್ತು.

"ಏನಿಲ್ಲ ಮೇಡಂ," ಎಂದೆ.

ಹತ್ತನೆಯ ಚೌಕಕ್ಕೂ ಗುರುತು ಬಿತ್ತು.

ಮರುದಿನ ಉಳಿದ ಎಂಟು ಹೆಂಗಸರನ್ನು ಪರೀಕ್ಷೆಗೆ ಕರೆಸಿದರು. ಮೂವರಿಗೆ ಹೊಟ್ಟೆಯಲ್ಲಿ ಹುಣ್ಣು ಸಿಕ್ಕಿತು. ತಿಪ್ಪಮ್ಮ ಅವರಲ್ಲಿ ಒಬ್ಬಳು. ನಿಲ್ಲಿಸಿದ್ದು ಸರಿಯಾಯಿತು ಎಂದು ಎಲ್ಲರೂ ಅಂದರು. ಮೇಡಂ ಕೂಡ ನನ್ನ ಜೊತೆ ಮೊದಲಿನಂತೆ ಮಾತಾಡಿದರು.

ಐದನೇ ದಿನ ಜೈತುನಬಿ ಆಸ್ಪತ್ರೆಗೆ ಬಂದಳು. ಕುಂಟುತ್ತ ಮೂರು ಮಹಡಿ ಹತ್ತಿ ಬಂದು ದೊಡ್ಡಮ್ಮನ ಮಂಚದ ತುದಿಯಲ್ಲಿ ಕೂತಳು.

"ನನ್ನ ಬೆರಳು ನಿನ್ನ ಜೀವ ತಿಂದ್ವಲ್ಲೇ ಕರಿಬಸಿ," ಎಂದಳು.

"ತಿಂದಿಲ್ಲ ಬಿಡು, ಇನ್ನೂ ಐತೆ. ಹುಡುಗನ ರಕ್ತ ಹಾಕ್ಯಾರೆ, ಇನ್ನು ಮ್ಯಾಲೆ ನಾನೂ ಎಲ್ರ ಮೇಲೆ ಅನುಮಾನ ಪಡ್ತೀನೇನೋ." ದೊಡ್ಡಮ್ಮ ನನ್ನ ಕಡೆ ನೋಡದೆ ಹೇಳಿದಳು.

ಜೈತುನಬಿ ನನ್ನನ್ನು ವರಾಂಡಕ್ಕೆ ಕರೆದಳು. ಸುತ್ತಿದ ಬಟ್ಟೆ ಬಿಚ್ಚಿ ಎಡಗೈ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದಳು.

"ಇದು ನಂದೇ ಬೇಟಾ. ಉಳಿದವು ಮುಚ್ಚಿದ್ದು ಸರಿ. ಇದೂ ತಗೋತಿಲ್ಲ ಪೆಟ್ಟಿಗೆ. ಅಂಗಡೀಲಿ ಕೇಳಿದೆ, ಪೆಟ್ಟಿಗೇಲೇ ತಗೋ ಅಂತಾರೆ. ಸ್ಪ್ರಿಂಗ್ ಹಾಕಿದ ಡಾಕ್ಟ್ರು ಒಂದಿನಾನೂ ತಪ್ಪಿಸಬಾರ್ದು ಅಂದಿದ್ರು."

"ಕಾಗದ ಐತಾ?"

"ಇತ್ತು. ಇಲಿ ಕಡಿದ್ವು."

"ಇಲಿ."

"ಮಂಡಕ್ಕಿಯೋರ ಮನೆ ಅಲ್ವಾ, ಇಲಿ ಇರ್ದೆ ಆನೆ ಇರ್ತಾವಾ?" ಅವಳು ನಗಲು ನೋಡಿದಳು. ನಾನು ನಗಲಿಲ್ಲ.

"ಅರ್ಜಿ ಹಾಕ್ರಿ. ಹದಿನೈದು ದಿನದಲ್ಲಿ ವಿಚಾರಣೆ ಆಗ್ತದೆ."

"ಹದಿನೈದು ದಿನ ನಾನು ಏನು ನುಂಗ್ಲಿ? ನಿಮ್ಮ ದೊಡ್ಡಮ್ಮಂದು ಡಬ್ಬೀಲಿ ಮೂರ್ನಾಲ್ಕು ಇದ್ವಲ್ಲ."

"ಬಿಸಾಕಿದೆ."

ಅವಳು ಹೆಬ್ಬೆರಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ನಿಧಾನವಾಗಿ, ಒಂದು ಸುತ್ತೂ ಸಡಿಲವಾಗದ ಹಾಗೆ. "ಹಂಗಾದ್ರೆ ಅರ್ಜಿ ಬರ್ದುಕೊಡು," ಎಂದಳು. ಬರೆದುಕೊಟ್ಟೆ. ಸಹಿ ಬಾರದವಳು. ಹೆಬ್ಬೆಟ್ಟು ಒತ್ತಿದಳು. ಗೆರೆಗಳು ಕಾಗದದ ಮೇಲೆ ಅಚ್ಚುಕಟ್ಟಾಗಿ ಮೂಡಿದವು.

ಪ್ಲೇಟ್‌ಲೆಟ್‌ಗಳ ಆಯುಸ್ಸು ಹತ್ತು ದಿನ. ಆಸ್ಪಿರಿನ್ ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೆ ಅಂಟುವುದಿಲ್ಲ. ಆದರೆ ದಿನಕ್ಕೆ ಹತ್ತರಲ್ಲೊಂದು ಪಾಲು ಸತ್ತು, ಅಷ್ಟೇ ಹೊಸದು ಬರುತ್ತದೆ. ಹೊಸವಕ್ಕೆ ಗುಳಿಗೆಯ ಪರಿಚಯವಿಲ್ಲ. ಕಾಲುನೋವಿನ ಗುಳಿಗೆ ಅಡ್ಡ ಬಂದರೂ ಅಷ್ಟೊಂದು ಆಸ್ಪಿರಿನ್‌ನಲ್ಲಿ ಒಂದಷ್ಟು ಪಾಲು ಅವಳಿಗೆ ದಕ್ಕುತ್ತಲೇ ಇತ್ತು. ಅದೂ ನಿಂತು ಹತ್ತು ದಿನವಾದಾಗ ಅವಳ ಮೈಯಲ್ಲಿ ಕಾವಲಿದ್ದ ಒಂದು ಪ್ಲೇಟ್‌ಲೆಟ್ಟೂ ಉಳಿದಿರಲಾರದು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನೇ ಪಾಠ ಮಾಡಿದ್ದರು.

ಹನ್ನೊಂದನೇ ದಿನ ಬೆಳಿಗ್ಗೆ ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ಆಟೋ ಇಳಿಯುವಾಗಲೇ ತಿಪ್ಪಮ್ಮ ಎದುರು ಬಂದಳು.

"ಜೈತುನಕ್ಕ ಹೋದ್ಳು."

"ಎಲ್ಲಿಗೆ?" ಎಂದಳು ದೊಡ್ಡಮ್ಮ.

ತಿಪ್ಪಮ್ಮ ಆಟೋದಿಂದ ಬಟ್ಟೆಯ ಗಂಟು ಇಳಿಸಿಕೊಂಡಳು. ದೊಡ್ಡಮ್ಮ ಆಟೋದ ಕಂಬಿ ಹಿಡಿದು ಅಲ್ಲೇ ನಿಂತಳು.

ಚೀಲ ಹೊಲಿಯುತ್ತಿದ್ದಳಂತೆ. ಎದೆ ಹಿಡಿದುಕೊಂಡು ನೀರು ಕೇಳಿದಳಂತೆ. ತರುವಷ್ಟರಲ್ಲಿ ಚೀಲದ ಮೇಲೆ ಒರಗಿದ್ದಳು. ಅರ್ಧ ಬಾಯಿ ಹೊಲಿದಿತ್ತು, ಉಳಿದ ಅರ್ಧದಿಂದ ಮಂಡಕ್ಕಿ ಚೆಲ್ಲಿತ್ತು. ಮೈ ತೊಳೆದ ಹೆಂಗಸರು ಒಂದೊಂದು ಬೆರಳಿನ ಬಟ್ಟೆಯನ್ನೂ ಬಿಚ್ಚಿ ತೊಳೆದರೆಂದು ಆಮೇಲೆ ಕೇಳಿದೆ.

ಆ ಮಧ್ಯಾಹ್ನ ಕಚೇರಿಗೆ ಹೋಗಿ ಅವಳ ವಯಸ್ಸು, ಬೀದಿ, ಎಡಗೈ ಹೆಬ್ಬೆರಳಿನ ಗುರುತು ಹಾಕಿ ಜಿಲ್ಲೆಯ ಆಸ್ಪತ್ರೆಗಳ ದಾಖಲೆಯಲ್ಲಿ ಹುಡುಕಿದೆ. ಹದಿನಾಲ್ಕು ತಿಂಗಳ ಹಿಂದೆ, ಹೃದಯದ ಎಡನಾಳ, ಒಂದು ಸ್ಟೆಂಟ್. ಕೊನೆಯ ಸಾಲು: ಆಸ್ಪಿರಿನ್ ಜೀವನಪರ್ಯಂತ, ನಿಲ್ಲಿಸಕೂಡದು. ಹುಡುಕಲು ಮೂರು ನಿಮಿಷ ಹಿಡಿಯಿತು. ಇಲಿ ಕಡಿದ ಕಾಗದದ ಪ್ರತಿ ಅಲ್ಲೇ ಇತ್ತು.

ಮೇಡಂಗೆ ತೋರಿಸಿದೆ. ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಕೇಳಿದ್ದೆ," ಎಂದರು.

"ಕೇಳಿದ್ರಿ ಮೇಡಂ."

ನಾನು ರಾಜೀನಾಮೆ ಕೊಟ್ಟೆ ಎಂದು ಯಾರಾದರೂ ಎಣಿಸಿದ್ದರೆ ಅದೂ ತಪ್ಪು. ಮನೆಯಲ್ಲಿ ಈಗ ಒಂದೇ ಸಂಬಳ, ಅದು ನನ್ನದು. ದೊಡ್ಡಮ್ಮ ನನಗೆ ಊಟ ಬಡಿಸುತ್ತಾಳೆ. ಕೈ ತೋರಿಸು ಎಂದರೆ ಮಾತ್ರ ಸೆರಗಿನಡಿ ಇಟ್ಟುಕೊಳ್ಳುತ್ತಾಳೆ.

ತಿಂಗಳ ವರದಿಯನ್ನು ನಾನೇ ತಯಾರಿಸಿದೆ. ನೂರಾ ಹದಿನೇಳನೇ ಪೆಟ್ಟಿಗೆಯ ಮುಂದೆ ಹೃದಯಾಘಾತ ಸೊನ್ನೆ, ಸಾವು ಸೊನ್ನೆ ಎಂದು ಬಂತು. ಮುಚ್ಚಿದ ಹೆಸರಿನವರು ಎಣಿಕೆಗೆ ಸೇರುವುದಿಲ್ಲ. ಆ ಪುಟದ ಕೆಳಗೆ ಬರೆಯದ ಲೆಕ್ಕ ಇಷ್ಟು: ದೊಡ್ಡಮ್ಮನಿಂದ ಹೋದ ರಕ್ತ ನಾಲ್ಕು ಬಾಟಲಿ, ಮುಚ್ಚಿದ ಕಾರ್ಡು ಹತ್ತು, ಮೋರಿಗೆ ಎಸೆದ ಗುಳಿಗೆ ನಾಲ್ಕು, ಸತ್ತವಳು ಒಬ್ಬಳು.